ಗಿಣ್ಣು ಪುಡಿ ಕುಡಿದರೆ ಬಂಗು ಹೋಗುತ್ತೆ ಅಂತ ಯಾರಾದರೂ ಹೇಳಿದರೆ ದುಡ್ಡು ಕಳಿಸಬೇಡಿ

ಮುಖದ ಬಂಗು, ಮೊಡವೆ ಕಲೆ, ಸುಕ್ಕು ಎಲ್ಲದಕ್ಕೂ ಗಿಣ್ಣು ಹಾಲಿನ ಪುಡಿ ಮಾರುವವರು ವಾಟ್ಸಾಪ್‌ನಲ್ಲಿ ಈಗ ತುಂಬಾ ಜಾಸ್ತಿಯಾಗಿದ್ದಾರೆ. ಕೊಲೊಸ್ಟ್ರಮ್ ಅಂತ ಹೆಸರಿಟ್ಟುಕೊಂಡು ಬರುತ್ತಾರೆ. ದಯವಿಟ್ಟು ಕೊಳ್ಳುವ ಮುಂಚೆ ಇದನ್ನು ಪೂರ್ತಿ ಓದಿ. ನನ್ನ 3,400 ರೂಪಾಯಿ ಹೋಯಿತು. ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಆಮೇಲೆ ಅವರು ಕೊಟ್ಟ ಉತ್ತರಗಳು.

ಎರಡನೇ ಹೆರಿಗೆ ಆದ ಮೇಲೆ ನನಗೆ ಎರಡೂ ಕೆನ್ನೆಯ ಮೇಲೆ ಬಂಗು ಬಂತು. ಯಾರ ಮನೆಗೆ ಹೋದರೂ ಮೊದಲು ಅದೇ ಮಾತು. ಆ ಹೊತ್ತಿಗೆ ನಾದಿನಿಯ ಪರಿಚಯದ ಹುಡುಗಿಯೊಬ್ಬಳು ತನ್ನ ಗ್ರೂಪಿಗೆ ಸೇರಿಸಿಕೊಂಡಳು. ತಾನು ಸ್ಕಿನ್ ಕೋಚ್ ಅಂತೆ. ದಿನಾ ಫೋಟೊ, ದಿನಾ ವಾಯ್ಸ್ ಮೆಸೇಜ್. "ಅಕ್ಕಾ, ಇದರಲ್ಲಿ ಗ್ರೋತ್ ಫ್ಯಾಕ್ಟರ್ ಇದೆ. ಐಜಿಎಫ್, ಇಜಿಎಫ್ ಎಲ್ಲಾ ಇದೆ. ಹೊಸ ಚರ್ಮ ಒಳಗಿಂದಾನೇ ಬೆಳೆಯುತ್ತೆ. ಇದಕ್ಕೆ ನೊಬೆಲ್ ಬಂದಿದೆ ಅಕ್ಕಾ!"

ಗ್ರೋತ್ ಫ್ಯಾಕ್ಟರ್ ಅಂದರೆ ಜೀವಕೋಶಗಳನ್ನು ಬೆಳೆಯುವಂತೆ ಮಾಡುವ ಪ್ರೋಟೀನು, ಐಜಿಎಫ್, ಇಜಿಎಫ್ ಅದರಲ್ಲೇ ಎರಡು ಬಗೆ. ನೊಬೆಲ್ ಬಂದಿದ್ದು ನಿಜ. 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ಗ್ರೋತ್ ಫ್ಯಾಕ್ಟರ್‌ಗಳನ್ನು ಕಂಡುಹಿಡಿದದ್ದಕ್ಕೆ ಕೊಟ್ಟರು. ಕೋಹೆನ್‌ಗೆ ಇಜಿಎಫ್ ಸಿಕ್ಕಿದ್ದು ಇಲಿಯ ಜೊಲ್ಲಿನ ಗ್ರಂಥಿಯಲ್ಲಿ. ಆ ನೊಬೆಲ್‌ಗೂ ಈ ಡಬ್ಬಿಗೂ ಏನೇನೂ ಸಂಬಂಧ ಇಲ್ಲ. ಆದರೆ ಹೀಗೆ ಒಂದು ನಿಜದ ಪಕ್ಕದಲ್ಲೇ ಸುಳ್ಳನ್ನು ಕೂರಿಸಿದರೆ ಕೇಳುವವರಿಗೆ ಹೇಗೆ ಗೊತ್ತಾಗಬೇಕು ಹೇಳಿ?

ಇನ್ನೊಂದು, ಗಿಣ್ಣು ಅಂದರೆ ನಮಗೆಲ್ಲ ಮೊದಲಿಂದಲೂ ನಂಬಿಕೆ. ನನ್ನ ತವರಲ್ಲಿ ಹಸು ಕರು ಹಾಕಿದರೆ ಮೊದಲು ಕರುವಿಗೆ ಹೊಟ್ಟೆ ತುಂಬಾ ಕುಡಿಸುತ್ತಾರೆ. ಮಿಕ್ಕಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಅಕ್ಕಪಕ್ಕದ ಮನೆಗೂ ಕೊಟ್ಟು ಬರುತ್ತಾರೆ. ಆ ಹಾಲನ್ನು ಡೇರಿಗೂ ಹಾಕುವುದಿಲ್ಲ. ಈ ನಂಬಿಕೆಯನ್ನೇ ಅವಳು ಹಿಡಿದುಕೊಂಡಳು. "ನಿಮ್ಮ ಅಜ್ಜಿ ಮಾಡಿ ಕೊಡ್ತಿದ್ದದ್ದೇ ಅಕ್ಕಾ, ಇದು ಪುಡಿ ಅಷ್ಟೇ" ಅಂದಳು. ನಮ್ಮ ಅಜ್ಜಿಯನ್ನು ಕಂಡೇ ಇಲ್ಲದವಳು!

ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿ ನೀರಲ್ಲಿ ಒಂದು ಸ್ಪೂನ್. ಬಂಗು ಇದ್ದ ಹಾಗೇ ಇತ್ತು. ಅದರ ಜೊತೆಗೆ ಗಲ್ಲದ ಮೇಲೆ, ದವಡೆಯ ಉದ್ದಕ್ಕೂ ಮೊಡವೆ ಏಳಲು ಶುರುವಾಯಿತು. ಮುಟ್ಟಿದರೆ ನೋಯುವಂಥ ದಪ್ಪ ಮೊಡವೆ. ಫೋಟೊ ತೆಗೆದು ಕಳಿಸಿದೆ. ಬಂದ ಉತ್ತರ ಇದು: "ಸೂಪರ್ ಅಕ್ಕಾ! ಡಿಟಾಕ್ಸ್ ಶುರುವಾಯ್ತು. ಒಳಗಿನ ಕೊಳೆ ಎಲ್ಲಾ ಹೊರಗೆ ಬರ್ತಿದೆ. ಈಗ ನಿಲ್ಲಿಸಲೇಬೇಡಿ. ಎರಡು ಸ್ಪೂನ್ ಮಾಡಿ." ಪಕ್ಕದಲ್ಲಿ ಚಪ್ಪಾಳೆ ಗುರುತು ಬೇರೆ. ನನ್ನ ಮುಖ ಉರಿಯುತ್ತಿದೆ, ಅವಳು ಚಪ್ಪಾಳೆ ತಟ್ಟುತ್ತಿದ್ದಾಳೆ.

ಆಮೇಲೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದೆ. ಹಿಂದುಗಡೆ ಒಂದು ಬಂಗಾರದ ಬಣ್ಣದ ಸ್ಟಿಕ್ಕರ್. 'ಗ್ರೋತ್ ಫ್ಯಾಕ್ಟರ್‌ಗಳಿಂದ ಸಮೃದ್ಧ' ಅಂತ ಅದರ ಮೇಲೆ. ಒಂದು ಮೂಲೆ ಎದ್ದಿತ್ತು. ಉಗುರು ಹಾಕಿ ಮೆಲ್ಲಗೆ ಕಿತ್ತೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ. ಕಣ್ಣಿಗೆ ಕಾಣಲಿಲ್ಲ. ಫೋಟೊ ತೆಗೆದು ಮೊಬೈಲಲ್ಲಿ ದೊಡ್ಡದು ಮಾಡಿ ಓದಿದೆ. ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡುವ ಪುಡಿ. ಕೆನೆ ತೆಗೆದ ಹಾಲಿನ ಪುಡಿ. ಸಕ್ಕರೆ. ಇವೆಲ್ಲ ಆದ ಮೇಲೆ ಗಿಣ್ಣು ಹಾಲಿನ ಪುಡಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಅಂದರೆ ನಾನು ಕುಡಿಯುತ್ತಿದ್ದದ್ದು ಪಿಷ್ಟದ ಪುಡಿ, ಹಾಲಿನ ಪುಡಿ, ಸಕ್ಕರೆ! ಐಜಿಎಫ್ ಎಷ್ಟು, ಇಜಿಎಫ್ ಎಷ್ಟು, ಒಂದಕ್ಕೂ ಅಂಕಿ ಇಲ್ಲ. ಕೊನೆಯಲ್ಲಿ 'ಔಷಧವಾಗಿ ಬಳಸಲು ಅಲ್ಲ' ಅಂತ ಇದೆ. ಸ್ಟಿಕ್ಕರ್ ಕೂತಿದ್ದದ್ದು ಸರಿಯಾಗಿ ಇವುಗಳ ಮೇಲೇ. ಆ ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಗ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂತು.

ಹಾಸನದಲ್ಲಿ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. ಗಿಣ್ಣಿನಲ್ಲಿ ಗ್ರೋತ್ ಫ್ಯಾಕ್ಟರ್ ಇರುವುದು ನಿಜ. ಆದರೆ ಅವೆಲ್ಲ ಪ್ರೋಟೀನು. ಹುಟ್ಟಿದ ಕರುವಿನ ಕರುಳು ಮೊದಲ ಒಂದು ದಿನದ ಹೊತ್ತು ಗಿಣ್ಣಿನ ರೋಗನಿರೋಧಕ ಪ್ರೋಟೀನನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಆ ಬಾಗಿಲು ಮುಚ್ಚುತ್ತದೆ. ದೊಡ್ಡವರ ಹೊಟ್ಟೆಗೆ ಹೋದರೆ ಬಹುಪಾಲು ಬೇರೆ ಪ್ರೋಟೀನಿನ ಹಾಗೇ ಅರಗಿಹೋಗುತ್ತದೆ. ಕೆನ್ನೆಯ ಬಂಗನ್ನು ಹುಡುಕಿಕೊಂಡು ಅದು ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇಜಿಎಫ್ ಜೆಲ್ ಇದೆಯಂತೆ. ಅದನ್ನೂ ಹುಣ್ಣಿನ ಮೇಲೆ ಹಚ್ಚುತ್ತಾರೆ, ಕುಡಿಸುವುದಿಲ್ಲ. ಐಜಿಎಫ್ ಮೈಯಲ್ಲಿ ಜಾಸ್ತಿಯಾದರೆ ಚರ್ಮದ ಜಿಡ್ಡು, ಮೊಡವೆ ಹೆಚ್ಚಾಗುವುದಕ್ಕೆ ನಂಟಿದೆ ಅಂತಲೂ ಹೇಳಿದರು. ಕೆಲವರಿಗೆ ಹಾಲಿನ ಪದಾರ್ಥದಿಂದಲೇ ಮೊಡವೆ ಏಳುತ್ತದಂತೆ, ನನ್ನದು ಅದರಿಂದಲೇ ಅಂತ ಖಚಿತವಾಗಿ ಹೇಳಲಾಗದು ಅಂದರು. ಮೊದಲು ಪುಡಿ ನಿಲ್ಲಿಸಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ ಅಂತ ಕಳಿಸಿದರು. ಕ್ರೀಡಾಪಟುಗಳು ಗಿಣ್ಣಿನ ಸಪ್ಲಿಮೆಂಟ್ ತಗೊಳ್ಳಬಾರದು ಅಂತ ಉದ್ದೀಪನ ಮದ್ದು ತಡೆಯುವ ಸಂಸ್ಥೆ ವಾಡಾ ಸಲಹೆ ಕೊಟ್ಟಿದೆ, ಕಾರಣ ಇದೇ ಐಜಿಎಫ್. ಇದನ್ನು ಅವಳ ಗ್ರೂಪಿನಲ್ಲಿ ಯಾರೂ ಹೇಳಲಿಲ್ಲ.

ದುಡ್ಡು ವಾಪಸ್ ಕೇಳಿದೆ. "ಸೀಲ್ ಒಡೆದ ಮೇಲೆ ರಿಟರ್ನ್ ಇಲ್ಲ ಮೇಡಂ." ಅಲ್ಲಿಯವರೆಗೆ ಅಕ್ಕ ಆಗಿದ್ದವಳು ದುಡ್ಡು ಕೇಳಿದ ಕೂಡಲೇ ಮೇಡಂ ಆದೆ. ಸೀಲ್ ಒಡೆಯದೆ ಕುಡಿಯುವುದು ಹೇಗಮ್ಮಾ ಅಂದೆ. "ನೀವು ಮೂರು ತಿಂಗಳ ಕೋರ್ಸ್ ಮುಗಿಸಲಿಲ್ಲ." ಸ್ಟಿಕ್ಕರ್ ಯಾಕೆ ಅಲ್ಲಿ ಅಂಟಿಸಿದ್ದೀರಿ ಅಂದೆ. "ಅದು ಕಂಪನಿ ಡಿಸೈನ್." ಡಾಕ್ಟರ್ ಹೀಗೆ ಹೇಳಿದರು ಅಂದೆ. "ಡಾಕ್ಟರ್‌ಗಳಿಗೆ ನೀವು ಗುಣ ಆಗೋದು ಬೇಕಿಲ್ಲ ಮೇಡಂ." ಕೊನೆಗೆ, "ನೆಗೆಟಿವ್ ಯೋಚನೆ ಇದ್ದರೆ ಯಾವುದೂ ಕೆಲಸ ಮಾಡಲ್ಲ." ಅಂದರೆ ಪುಡಿ ಸರಿ ಇದೆ, ನನ್ನ ಮನಸ್ಸು ಸರಿ ಇಲ್ಲ! ಇದನ್ನೆಲ್ಲ ಗ್ರೂಪಿನಲ್ಲಿ ಹಾಕಿದ ಕೂಡಲೇ ನನ್ನನ್ನು ತೆಗೆದುಹಾಕಿದರು. ಗ್ರೂಪಿನಲ್ಲಿದ್ದ ಇನ್ನೊಬ್ಬರು ನನಗೆ ಬೇರೆಯಾಗಿ ಮೆಸೇಜ್ ಮಾಡಿದರು, ಅವರಿಗೂ ಮೊಡವೆ, ಅವರಿಗೂ ಅದೇ ಡಿಟಾಕ್ಸ್ ಮಾತು, ಅದೇ ಚಪ್ಪಾಳೆ.

ಕೊಳ್ಳಲೇಬೇಕು ಅನ್ನಿಸಿದರೆ ದುಡ್ಡು ಕಳಿಸುವ ಮುಂಚೆ ಡಬ್ಬಿಯ ಹಿಂಭಾಗದ ಫೋಟೊ ಕೇಳಿ. ಸ್ಟಿಕ್ಕರ್ ಇಲ್ಲದ ಫೋಟೊ. ಕೊಡದಿದ್ದರೆ ಅಲ್ಲಿಗೇ ಬಿಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆ ಅಂತ ತೋರಿಸುತ್ತಾರೆ, ಅದು ಆಹಾರ ಮಾರುವುದಕ್ಕೆ ಲೈಸೆನ್ಸ್ ಅಷ್ಟೇ, ಬಂಗು ಹೋಗುತ್ತೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಹಾಲು ಒಗ್ಗದವರಂತೂ ಹತ್ತಿರವೂ ಹೋಗಬೇಡಿ. ಹೊಸ ಮೊಡವೆ ಎದ್ದಾಗ ಡಿಟಾಕ್ಸ್ ಅಂದವರ ಮಾತು ಕೇಳಿ ಇನ್ನೊಂದು ಸ್ಪೂನ್ ಹಾಕಬೇಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಮೆಸೇಜ್, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಎಲ್ಲಾ ಇಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಡಬ್ಬಿ ಇದ್ದರೆ ಸಿಟ್ಟಿನಲ್ಲಿ ಎಸೆಯಬೇಡಿ, ಸ್ಟಿಕ್ಕರ್ ಸಮೇತ ಒಂದು, ಕಿತ್ತ ಮೇಲೆ ಒಂದು ಫೋಟೊ ತೆಗೆದಿಟ್ಟು ನೀವೂ ದೂರು ಕೊಡಿ.