ಸಿನಿಮಾ ಕಥೆ ಹೊತ್ತ ವಿ-ಮೇಲ್: ಒಂದು ಅಂಚೆ ಸೇವೆಯ ವಿಮರ್ಶೆ

ಎರಡನೆಯ ಮಹಾಯುದ್ಧದ ನಡುವೆ, 1942ರ ಜೂನ್‌ನಲ್ಲಿ ಕಡಲಾಚೆಯ ಸೈನಿಕರ ಪತ್ರ ವ್ಯವಹಾರಕ್ಕೆಂದು ಅಮೆರಿಕ ಆರಂಭಿಸಿದ ವಿ-ಮೇಲ್ ಸೇವೆಯನ್ನು, ಸಣ್ಣ ಊರಿನ ಚಿತ್ರಮಂದಿರದಲ್ಲಿ ಒಬ್ಬಳೇ ಸಿನಿಮಾ ನೋಡಿ ಬಂದು, ಅದರ ಕಥೆಯನ್ನು ಕಡಲಾಚೆ ಯುದ್ಧಕ್ಕೆ ಹೋದ ಪ್ರಿಯನಿಗೆ ಬರೆಯಲು ಕುಳಿತ ಹುಡುಗಿಯ ಕಣ್ಣಿನಿಂದಲೇ ಅಳೆಯಬೇಕು. ಪತ್ರಗಳನ್ನು 16 ಮಿ.ಮೀ. ಮೈಕ್ರೋಫಿಲ್ಮ್‌ಗೆ, ಅಂದರೆ ಪುಟ್ಟ ಛಾಯಾಚಿತ್ರದ ಸುರುಳಿಗೆ, ಇಳಿಸಿ ಸಾಗಿಸಿ, ಅಲ್ಲಿ ಮತ್ತೆ ಮುದ್ರಿಸುತ್ತಿದ್ದುದರಿಂದ 37 ಚೀಲಗಳ ಅಂಚೆ ಒಂದೇ ಚೀಲದಲ್ಲಿ ಹಿಡಿಯುತ್ತಿತ್ತು. ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸಕ್ಕರೆ ಪಡಿತರದ ಸುದ್ದಿ, ಚಿತ್ರಮಂದಿರದ ಸುದ್ದಿಚಿತ್ರದಲ್ಲಿ (ನ್ಯೂಸ್‌ರೀಲ್) ಅವನ ಮುಖ ಹುಡುಕಿದ್ದು, ಪಕ್ಕದ ಖಾಲಿ ಕುರ್ಚಿ, ಇಷ್ಟೆಲ್ಲ ವಿ-ಮೇಲ್‌ನ ಒಂದೇ ಪುಟದಲ್ಲಿ ಹೇಗೆ ಹಿಡಿಸೀತು? ಕುಶಲ ಸಮಾಚಾರಕ್ಕೆ ಇದು ಸಾಕು, ಸಿನಿಮಾ ಕಥೆಗೆ ತಡವಾದರೂ ದಪ್ಪ ಲಕೋಟೆಯೇ ಮೇಲು. ವಿ-ಮೇಲ್ ಪತ್ರದ ಮೇಲೆ ಒತ್ತಿದ ತುಟಿಬಣ್ಣದ ಮುತ್ತು, ಪತ್ರದ ಚಿತ್ರ ತೆಗೆಯುವ ಯಂತ್ರಕ್ಕೆ ಮೆತ್ತಿಕೊಂಡು ಕೆಲಸ ಕೆಡಿಸುತ್ತಿತ್ತು. ಹರಿದ ಟಿಕೆಟ್ಟಿನ ತುಂಡನ್ನಂತೂ ಒಳಗಿಡುವಂತೆಯೇ ಇರಲಿಲ್ಲ.