ಓಪನ್ ಕಿಚನ್ನಾ, ಗೋಡೆ ಇರುವ ಅಡುಗೆಮನೆಯಾ?

30x40 ಸೈಟಿನ ಹಳೇ ಮನೆ ರಿಪೇರಿಗೆ ಕೈ ಹಾಕಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಗೋಡೆ ಒಡೆದರೆ ಹಾಲ್ ದೊಡ್ಡದಾಗಿ ಕಾಣುತ್ತದೆ, ಬೆಳಕು ಒಳಗಿನವರೆಗೂ ಬರುತ್ತದೆ, ಚಪಾತಿ ಲಟ್ಟಿಸುತ್ತಲೇ ಮಕ್ಕಳ ಹೋಂವರ್ಕ್ ಮೇಲೂ ಕಣ್ಣಿಡಬಹುದು. ಚೆನ್ನಾಗಿದೆ ಅಲ್ವಾ? ಆದರೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಸೋಫಾದಲ್ಲಿ ಕೂತವರೂ ಕೆಮ್ಮುತ್ತಾರೆ, ಮಿಕ್ಸಿ ಸದ್ದಿಗೆ ಟಿವಿ ಕೇಳಿಸುವುದಿಲ್ಲ, ಸಿಂಕಿನ ಪಾತ್ರೆಗಳು ಬಂದವರಿಗೆಲ್ಲ ದರ್ಶನ ಕೊಡುತ್ತವೆ. ಹೊರಗೆ ಪೈಪ್ ಬಿಡದ ಚಿಮಣಿ ಹಾಕಿಸಿದರೆ ಬಿಸಿ ಗಾಳಿ ವಾಪಸ್ ಮನೆಯೊಳಗೇ.

ಗೋಡೆ ಉಳಿಸಿಕೊಂಡರೆ ಕತ್ತಲೆ ಜಾಸ್ತಿ, ಸೆಕೆಯೂ ಜಾಸ್ತಿ. ಆದರೆ ಸಜ್ಜಾ ಉಳಿಯುತ್ತದೆ! ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆ ಇನ್ನೆಲ್ಲಿ ಇಡುತ್ತೀರಿ?

ಒಡೆಯುವ ಮುಂಚೆ ಗೋಡೆಯ ದಪ್ಪ ನೋಡಿ. ನಾಲ್ಕೂವರೆ ಇಂಚಿನದು ಸಾಮಾನ್ಯವಾಗಿ ಭಾರ ಹೊರದ ಬರೀ ಅಡ್ಡಗೋಡೆ. 9 ಇಂಚಿನದಾದರೆ, ಅದೂ ಪಿಲ್ಲರ್ ಇಲ್ಲದ ಹಳೇ ಮನೆಯಾದರೆ, ಮೇಲಿನ ಭಾರ ಅದರ ಮೇಲೇ ಇರಬಹುದು, ಇಂಜಿನಿಯರ್ ನೋಡದೆ ಸುಮ್ನೆ ಸುತ್ತಿಗೆ ಎತ್ತಬೇಡಿ.

ನಾವು ಅಡ್ಡಗೋಡೆಯ ಮಧ್ಯೆ 4 ಅಡಿ ಅಗಲ ಮಾತ್ರ ಒಡೆಸಿ ಜಾರುವ ಗಾಜು ಹಾಕಿಸಿದೆವು. ದೋಸೆ ತಟ್ಟೆ ಅಲ್ಲಿಂದಲೇ ದಾಟುತ್ತದೆ, ಮೀನು ಹುರಿಯುವ ದಿನ ಗಾಜು ಎಳೆದರೆ ಆಯಿತು.