ಲಿಂಕ್ಡ್‌ಇನ್: ಪರಿಚಯ ಬೆಳೆಸಲು ಸೈ, ಅವಸರಕ್ಕೆ ಅಲ್ಲ

ಶಿರಸಿಯ ಅಡಿಕೆ, ಕಾಳುಮೆಣಸಿನ ವ್ಯಾಪಾರಿಗೋ ಕಾರವಾರದಲ್ಲಿ ಕೆಲಸ ಹುಡುಕುವ ಎಂಜಿನಿಯರ್‌ಗೋ ಊರು ಬಿಡದೆ ಹೊರಗಿನವರ ಪರಿಚಯ ಬೇಕಿದ್ದರೆ, ಉದ್ಯೋಗ-ವ್ಯವಹಾರದವರ ಸಾಮಾಜಿಕ ಜಾಲತಾಣವಾದ ಲಿಂಕ್ಡ್‌ಇನ್ ಉಪಯೋಗಕ್ಕೆ ಬರುತ್ತದೆ. ದುಡ್ಡು ಕೊಡದ ಖಾತೆಯೇ ಶುರುವಿಗೆ ಸಾಕು.

ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗವಿದೆ. ಅಲ್ಲಿ ‘ಉದ್ಯಮಿ’ ಅಂತಷ್ಟೇ ಬರೆದರೆ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ‘ಕಾಳುಮೆಣಸು ಖರೀದಿ, ಶಿರಸಿ’ ಅಂದರೆ ಸಿಗುತ್ತೀರಿ.

ಹೆಚ್ಚಿನವರು ಎಡವುವುದು ಪರಿಚಯದ ಕೋರಿಕೆ ಕಳಿಸುವ ‘ಕನೆಕ್ಟ್’ ಗುಂಡಿ ಒತ್ತುವಾಗ. ಅಪರಿಚಿತರಿಗೆ ಬರಿದೇ ಕೋರಿಕೆ ಕಳಿಸಬಾರದು, ಒಂದು ಟಿಪ್ಪಣಿ ಇರಲಿ. ಉಚಿತ ಖಾತೆಯಲ್ಲಿ ಇಂಥ ಟಿಪ್ಪಣಿಗಳಿಗೆ ತಿಂಗಳ ಮಿತಿಯಿದೆ, ಆದ್ದರಿಂದ ನಿಜಕ್ಕೂ ಬೇಕಾದವರಿಗೇ ಖರ್ಚು ಮಾಡಿ. ಟಿಪ್ಪಣಿಯ ಉದ್ದಕ್ಕೂ ಮಿತಿಯಿದೆ, ಕನ್ನಡದಲ್ಲಿ ಗುಣಿತ, ಒತ್ತಕ್ಷರಗಳೂ ಬೇರೆಬೇರೆ ಎಣಿಕೆಯಾಗುವುದರಿಂದ ಜಾಗ ಬೇಗ ಮುಗಿಯುತ್ತದೆ. ಇಷ್ಟು ಸಾಕು: ‘ನಮಸ್ಕಾರ ಮೇಡಂ, ಕಾಳುಮೆಣಸಿನ ರಫ್ತಿನ ಬಗ್ಗೆ ನೀವು ಬರೆದದ್ದು ಓದಿದೆ. ಶಿರಸಿಯಲ್ಲಿ ನಮ್ಮದೂ ಅದೇ ವ್ಯಾಪಾರ. ಪರಿಚಯವಿರಲಿ ಎಂದು ಕೋರಿಕೆ.’ ದರಪಟ್ಟಿ, ಬಯೋಡೇಟಾ ಇದರ ಜತೆಗೇ ತುರುಕಬೇಡಿ. ಅವರು ಒಪ್ಪಿದ ಮರುಕ್ಷಣವೇ ‘ಸರ್, ಕೆಲಸ ಇದೆಯಾ?’ ಅನ್ನುವುದು ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲೇ ಪಾಯಸ ಕೇಳಿದ ಹಾಗೆ.

ಕಳಿಸಿದ ಕೋರಿಕೆ ಹಿಂತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೂ ಕಾಯಬೇಕಾಗುತ್ತದೆ. ಇನ್ನೊಬ್ಬರ ಪ್ರೊಫೈಲ್ ನೋಡಿದರೆ ಅವರಿಗೆ ಗೊತ್ತಾಗಬಹುದು. ಹೆಸರು ತೋರಿಸದೆ ನೋಡುವ ಪ್ರೈವೇಟ್ ಮೋಡ್‌ಗೆ ಹೋದರೆ ಉಚಿತ ಖಾತೆಯಲ್ಲಿ ನಿಮ್ಮದನ್ನು ನೋಡಿದವರೂ ಕಾಣುವುದಿಲ್ಲ. ಪ್ರೊಫೈಲ್ ತಿದ್ದುವಾಗ ಎಲ್ಲರಿಗೂ ಸುದ್ದಿ ಹೋಗುವ ಆಯ್ಕೆಯನ್ನು ಮೊದಲು ಆಫ್ ಮಾಡಿಕೊಳ್ಳಿ, ಹೊಸ ಕೆಲಸ ಹುಡುಕುತ್ತಿರುವುದು ಈಗಿನ ಬಾಸ್‌ಗೆ ವಾಸನೆ ಬಡಿಯದಿರಲಿ.

ಬೇಸರದ ಸಂಗತಿ ಎಂದರೆ ರೆಡಿಮೇಡ್ ಅಭಿನಂದನೆಗಳು. ಒಂದೇ ಗುಂಡಿಯಿಂದ ಹೋಗುವ ಶುಭಾಶಯಕ್ಕೆ ಬೆಲೆಯಿಲ್ಲ. ಎರಡು ಮಾತು ಸ್ವಂತದ್ದು ಬರೆಯಿರಿ, ಇಲ್ಲವೇ ಸುಮ್ಮನಿರಿ.